ತಿಮ್ಮಕ್ಕನ ಓಟಕ್ಕೆ ತಕ್ಕ ಹಾಡು

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಒದ್ದೆ ಮರಳಿನ ಮೇಲೆ ಏಡಿ ಓಡಿದ ಹಾಗಿದೆ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ದೊಡ್ಡ ಶಬ್ದ ಗೊತ್ತಿರುವುದೇ ನಾಲ್ಕು, ಅವನ್ನೂ ಎಲ್ಲಿ ಹಾಕಬೇಕೆಂದು ಗೊತ್ತಿಲ್ಲ. ಇನ್ನೊಂದು ಮಾತು. ಕಥೆಯಲ್ಲಿ 'ನಾನು' ಎಂದು ಬರೆಯಹೋದರೆ ನಾಚಿಕೆಯಾಗಿ ಪೆನ್ನು ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಇಲ್ಲಿಂದ ಮುಂದೆ 'ಅವಳು' ಎಂದೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಅವಳ ಹೆಸರು ಮೂಕಾಂಬಿಕಾ. ಕೊಲ್ಲೂರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳೆಂದು ಅಷ್ಟು ದೊಡ್ಡ ಹೆಸರು ಇಟ್ಟರು. ಕರೆಯಲು ಉದ್ದವಾಯಿತೆಂದು ಮೂಕಿ ಎಂದು ಕತ್ತರಿಸಿದರು. (ಕತ್ತರಿಸಿದ್ದು ಹೆಸರನ್ನು ಮಾತ್ರವೋ, ಜೊತೆಗೆ ನಾಲಗೆಯನ್ನೂ ಸೇರಿಸಿಯೋ ಎಂದು ಕರ್ಕಿಯಲ್ಲಿ ಅನೇಕರಿಗೆ ಅನುಮಾನ.) ಶಾಲೆಯಲ್ಲಿ ಒಂದು ದಿನ ಮಾಸ್ತರರು, ಎದ್ದು ನಿಂತು ಪದ್ಯ ಓದು, ಎಂದರು. ಮೂಕಿ ಎದ್ದು ನಿಂತಳು. ಓದಲಿಲ್ಲ. ಗಂಟೆ ಹೊಡೆಯಿತು, ಮಕ್ಕಳೆಲ್ಲ ಮನೆಗೆ ಹೋದರು, ಮೂಕಿ ಇನ್ನೂ ನಿಂತೇ ಇದ್ದಳು. ಮರುದಿನದಿಂದ ಅವಳು ಶಾಲೆಯ ಕಡೆಗೆ ಮುಖ ಮಾಡಲಿಲ್ಲ.

ತಾಯಿ ತಿಮ್ಮಕ್ಕ ಮೀನು ಮಾರುವವಳು. ಕರ್ಕಿಯ ಕಡಲದಂಡೆಗೆ ದೋಣಿ ಮುಟ್ಟಿದ ಕೂಡಲೇ ಹದಿಮೂರು ಹೆಂಗಸರು ಬುಟ್ಟಿ ತುಂಬಿ ತಲೆಗೇರಿಸಿ ಹೊನ್ನಾವರದ ಪೇಟೆಗೆ ಎರಡೂವರೆ ಮೈಲು ಓಡುತ್ತಾರೆ. ನಡೆಯುವುದಲ್ಲ, ಓಡುವುದೇ. ಸೊಂಟದಿಂದ ಮೇಲೆ ಅಲ್ಲಾಡಬಾರದು, ಸೊಂಟದಿಂದ ಕೆಳಗೆ ನಿಲ್ಲಬಾರದು. ಪೇಟೆಯಲ್ಲಿ ಮಾವಿನ ಮರದ ಬುಡದ ಜಾಗ ಯಾರ ಅಪ್ಪನ ಆಸ್ತಿಯೂ ಅಲ್ಲ; ಆ ದಿನ ಯಾರ ಬುಟ್ಟಿ ಮೊದಲು ಇಳಿಯುತ್ತದೋ ಅವಳದು. ನೆರಳಲ್ಲಿ ಕೂತವಳ ಬಂಗಡೆ ಮಧ್ಯಾಹ್ನದವರೆಗೂ ಮಿಂಚುತ್ತಿರುತ್ತದೆ. ಬಿಸಿಲಲ್ಲಿ ಕೂತವಳದು ಹತ್ತು ಗಂಟೆಗೇ ವೈರಾಗ್ಯದ ಮುಖ ಮಾಡುತ್ತದೆ.

ಹನ್ನೊಂದು ವರ್ಷ ಆ ಸಿಂಹಾಸನ ತಿಮ್ಮಕ್ಕನದಾಗಿತ್ತು. ಈ ದೀಪಾವಳಿಯಿಂದ ಅವಳ ಬಲ ಮೊಣಕಾಲು ದಂಗೆಯೆದ್ದಿತು. ಪಕ್ಕದ ಮನೆಯ ಗಣಪಿ ಒಂದೇ ವಾರದಲ್ಲಿ ನಾಲ್ಕು ಸಲ ಮರದ ಬುಡ ಹಿಡಿದಳು. ಒಂದು ಸಂಜೆ ತಿಮ್ಮಕ್ಕ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, ಮಗಳ ಮುಖ ನೋಡದೆ ಹೇಳಿದಳು.

"ಸಂಕ್ರಾಂತಿವರೆಗೆ ನೋಡ್ತೆ. ಆಮೇಲೆ ಬುಟ್ಟಿ ನೀನೇ ಹೊರಬೇಕು, ಮಗಾ."

ಮೂಕಿಗೆ ಬುಟ್ಟಿಯ ಹೆದರಿಕೆ ಇರಲಿಲ್ಲ. ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಓಡಿದವಳು. ಆದರೆ ಮೀನು ತಾನಾಗಿ ಮಾರಿಹೋಗುವುದಿಲ್ಲ. ಕೂಗಬೇಕು. ಕಿವಿರು ಎತ್ತಿ ನೋಡುವವರ ಹತ್ತಿರ ಜಗಳವಾಡಬೇಕು. ಇಡೀ ಹೊನ್ನಾವರದ ಎದುರು ಬಾಯಿ ತೆರೆಯಬೇಕು. ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. (ಮೀನು ಸೇರಿತು.)

ಇಂಥ ಸಮಯದಲ್ಲಿ ಪಾಂಡು ಮಾವ ರಜೆಯ ಮೇಲೆ ಬಂದ. ಅವನು ತಿಮ್ಮಕ್ಕನ ತಮ್ಮ. ಭಟ್ಕಳದ ಸಾಹೇಬರೊಬ್ಬರ ದುಬೈ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಎಲ್ಲರಿಗೂ ಏನೇನೋ ಕೊಟ್ಟು, ಕೊನೆಗೆ ಅಂಗೈಯಗಲದ ಒಂದು ಟೇಪ್ ರೆಕಾರ್ಡರನ್ನು ತೆಗೆದು ಮೂಕಿಯ ಕೈಗಿಟ್ಟ. ಎರಡು ಸ್ಪಂಜಿನ ಬಟ್ಟಲುಗಳನ್ನು ಕಿವಿಗೆ ಇಟ್ಟುಕೊಂಡರೆ ಹಾಡು ನಮಗೊಬ್ಬರಿಗೇ ಕೇಳುತ್ತದೆ. ಹೆಸರು ವಾಕ್‌ಮನ್. ದುಬೈಯಲ್ಲಿ ಬಿಳಿ ಜನರು ಬೆಳಿಗ್ಗೆ ಇದನ್ನು ಕಿವಿಗೆ ಹಾಕಿಕೊಂಡು ಓಡುತ್ತಾರೆ, ಹಾಡು ಕೇಳುತ್ತಿದ್ದರೆ ಕಾಲು ನೋಯುವುದು ಗೊತ್ತೇ ಆಗುವುದಿಲ್ಲವಂತೆ ಎಂದು ಮಾವ ವಿವರಿಸಿದ. ಯಾರಾದರೂ ಅಟ್ಟಿಸಿಕೊಂಡು ಬರುತ್ತಾರೋ ಎಂದು ತಿಮ್ಮಕ್ಕ ಕೇಳಿದಳು. ಇಲ್ಲ, ಸುಮ್ಮನೆ ಓಡುತ್ತಾರೆ ಎಂದ. ತಲೆಯ ಮೇಲೆ ಎಂತ ಇರುತ್ತದೆ ಎಂದು ಕೇಳಿದಳು. ಏನೂ ಇರುವುದಿಲ್ಲ ಎಂದ. ತಿಮ್ಮಕ್ಕ ಆ ಬಿಳಿ ಜನರಿಗಾಗಿ ಬಹಳ ಹೊತ್ತು ಮರುಗಿದಳು.

ಮೂಕಿಯ ತಲೆಯಲ್ಲಿ ಮಾತ್ರ ಒಂದು ಮಾತು ನಾಟಿತ್ತು: ಕಾಲು ನೋಯುವುದು ಗೊತ್ತೇ ಆಗುವುದಿಲ್ಲ. ಹಾಗಾದರೆ ಸರಿಯಾದ ಹಾಡೊಂದನ್ನು ಹುಡುಕಿದರೆ ಅವ್ವಿ ಸಂಕ್ರಾಂತಿಯಾಚೆಗೂ ಓಡುತ್ತಾಳೆ. ಅವ್ವಿ ಓಡುವವರೆಗೆ ತಾನು ಕೂಗಬೇಕಾಗಿಲ್ಲ.

ಅವಳು ಶಾಲೆಯ ಹಳೇ ಪಟ್ಟಿ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಿಗೆ ಗೆರೆ ಎಳೆದು ಸಂಶೋಧನೆ ಪ್ರಾರಂಭಿಸಿದಳು. ಮೊದಲು ತಾಯಿಯ ಹೆಜ್ಜೆ ಎಣಿಸಿದಳು: ನಿಮಿಷಕ್ಕೆ ನೂರಾ ಅರವತ್ತು. ಆಮೇಲೆ ಒಂದೊಂದೇ ಕ್ಯಾಸೆಟ್ ಹಾಕಿ, ತಲೆಯ ಮೇಲೆ ಕೊಡ ಇಟ್ಟುಕೊಂಡು ಅಂಗಳದಲ್ಲಿ ಸುತ್ತು ಓಡಿದಳು.

ಮಾವ ತಂದ ಹಿಂದಿ ಸಿನಿಮಾ ಹಾಡುಗಳಲ್ಲಿ ಹೆಚ್ಚಿನವು ವಿರಹದವು. ನಾಯಕಿ ಅತ್ತಾಗ ಕಾಲು ಎಳೆಯುತ್ತಿತ್ತು. ನಾಯಕ ನಿಟ್ಟುಸಿರು ಬಿಟ್ಟಾಗ ಕೊಡ ವಾಲಿತು. ಅರಬ್ಬಿ ಕ್ಯಾಸೆಟ್ ಒಂದಿತ್ತು, ಕಾಲಿಗೆ ಬಹಳ ಒಪ್ಪಿತು. ಆದರೆ ಅದು ಯಾರದಾದರೂ ದೇವರ ಹಾಡಾಗಿದ್ದರೆ, ಮೀನು ಹೊತ್ತು ಚಪ್ಪಲಿ ಮೆಟ್ಟಿ ಕೇಳುವುದು ತಪ್ಪಲ್ಲವೇ? ಅದು ಮದುವೆ ಹಾಡು ಎಂದು ಮಾವ ಆಣೆ ಮಾಡಿದರೂ ಅವಳಿಗೆ ಧೈರ್ಯ ಬರಲಿಲ್ಲ.

ಬಲೆಯ ನೂಲು ತರಲು ಕುಮಟೆಗೆ ಹೊರಟ ಅಪ್ಪ ಶನಿಯಾರನ ಕೈಯಲ್ಲಿ ಕ್ಯಾಸೆಟ್ ಅಂಗಡಿಗೆ ಚೀಟಿ ಕಳಿಸಿದಳು: 'ನಿಮಿಷಕ್ಕೆ ನೂರಾ ಅರವತ್ತು ಹೆಜ್ಜೆಗೆ ಹೊಂದುವ ಹಾಡು, ಒಂದು.' ಅಂಗಡಿಯವನು ಎರಡು ಸಲ ಓದಿ, ಇದಕ್ಕೆ ಔಷಧದ ಅಂಗಡಿಗೆ ಹೋಗಿ ಎಂದನಂತೆ. ಕೊನೆಗೆ ಶನಿಯಾರ ತನಗೆ ಬೇಕಾದ ಯಕ್ಷಗಾನದ ಕ್ಯಾಸೆಟ್ ತಂದ.

"ಓಡೂಕೆ ಹಾಡು ಎಂತಕ್ಕೆ? ಹಿಂದೆ ಒಂದು ನಾಯಿ ಬಂದ್ರೆ ಸಾಕು," ಎಂದ.

"ಹತ್ತೊಂಬತ್ತು ವರ್ಷದಿಂದ ಹಿಂದೆ ಬಂದದ್ದು ಸಾಕಾಗ್ಲಿಲ್ವಾ?" ಎಂದಳು ತಿಮ್ಮಕ್ಕ.

ಯಕ್ಷಗಾನದ ಚಂಡೆಗೆ ಕಾಲು ನೆಲ ಬಿಟ್ಟು ಹಾರುತ್ತಿತ್ತು, ನಿಜ. ಆದರೆ ಪದ್ಯ ಮುಗಿದ ಕೂಡಲೇ ವೇಷಗಳು ಮಾತಿಗೆ ನಿಂತವು. ಹದಿನೇಳು ನಿಮಿಷ ಮಾತು. ಈ ಸಲ ತಾನೇ ಓಡಿ ನೋಡುತ್ತಿದ್ದ ತಿಮ್ಮಕ್ಕ ಕೊಡ ಇಳಿಸಿ, ಜಗಲಿಯ ಮೇಲೆ ಕೂತು, ಎಲೆಅಡಿಕೆಯ ಕವಳ ಹಾಕಿಕೊಂಡು ಕೇಳಿದಳು. ಮೂಕಿ ಪಟ್ಟಿಯಲ್ಲಿ ಬರೆದಳು: 'ಕೂರಲು ಉತ್ತಮ.'

ಕೊನೆಗೆ ಒದಗಿದ್ದು ಊರಿನದೇ ಶನಿವಾರದ ಭಜನೆ. ಮಾವ ತನ್ನ ದೊಡ್ಡ ಟೇಪಿನಲ್ಲಿ ಅದನ್ನು ತುಂಬಿಕೊಂಡಿದ್ದ. ಮೊದಲು ಮೆಲ್ಲಗೆ, ಮರಳಿನಲ್ಲಿ ಕಾಲು ಹೂತುಹೋಗುವ ಹಾಗೆ. ಆಮೇಲೆ ತಾಳ ಬಿಗಿಯಾಗಿ ಡಾಂಬರು ರಸ್ತೆಯ ಹಾಗೆ. ಕೊನೆಗೆ ಹತ್ತು ಜೊತೆ ತಾಳ ಒಟ್ಟಿಗೆ ಸುರಿದು, ಸಾಕ್ಷಾತ್ ಪೇಟೆಯ ಏರು ಹತ್ತಿಸುವಂತೆ. ಇಪ್ಪತ್ತೆಂಟು ನಿಮಿಷಕ್ಕೆ ಭಜನೆ ಮುಗಿದು ಮಂಗಳಾರತಿ. ತಿಮ್ಮಕ್ಕ ಪೇಟೆ ಮುಟ್ಟುವುದು ಇಪ್ಪತ್ತೇಳಕ್ಕೆ. ಮೂಕಿ ಬರೆದಳು: 'ಬುಟ್ಟಿ ಇಳಿಸಿ ಕೈಮುಗಿಯಲು ಒಂದು ನಿಮಿಷ ಉಳಿಯುತ್ತದೆ.' ಕೆಳಗೆ ಎರಡು ಗೆರೆ ಎಳೆದಳು.

ಉಪಕರಣ ಕೂರಿಸುವುದೇ ಕಷ್ಟವಾಯಿತು. ಕಿವಿಯ ಬಟ್ಟಲುಗಳ ಪಟ್ಟಿ ತಲೆಯ ಮೇಲೆ ಬರಬೇಕು, ಅಲ್ಲಿ ಆಗಲೇ ಬುಟ್ಟಿಯ ಸಿಂಬೆ. ಪಟ್ಟಿಯನ್ನು ಕತ್ತಿನ ಹಿಂದೆ ತಿರುಗಿಸಿ ತುರುಬಿನ ಕೆಳಗೆ ದಾರದಿಂದ ಕಟ್ಟಿದಳು. ಯಂತ್ರ ಕವಳದ ಸಂಚಿಗೆ ಹೋಯಿತು. ಗಣಪಿಗೆ ತಿಳಿದರೆ ಇಡೀ ಪೇಟೆಗೆ ತಿಳಿದೀತು, ಎಲ್ಲರೂ ಕಿವಿ ಒಡ್ಡಿಕೊಂಡು ಬಂದಾರು ಎಂದು ತಿಮ್ಮಕ್ಕ ಸೆರಗನ್ನು ಕಿವಿಯ ಮೇಲೆ ಸುತ್ತಿಕೊಂಡಳು. ಮಾರ್ಗಶಿರದ ಚಳಿ, ಯಾರೂ ಕೇಳಲಿಲ್ಲ.

ನಾಲ್ಕು ದಿನ ಮರದ ಬುಡ ತಿಮ್ಮಕ್ಕನದು. ಬುಟ್ಟಿ ಇಳಿಯುವುದಕ್ಕೂ ಮಂಗಳಾರತಿಯ ಗಂಟೆ ಹೊಡೆಯುವುದಕ್ಕೂ ಸರಿಹೋಗುತ್ತಿತ್ತು. ಮೊಣಕಾಲು ಹೇಗಿದೆ ಎಂದು ಮೂಕಿ ಕೇಳಿದರೆ, ಗೊತ್ತೇ ಆಗ್ಲಿಲ್ಲ ಎನ್ನುತ್ತಿದ್ದಳು. ಹಿಂದೆ ಓಡುವ ಹೆಂಗಸರು ಮಾತ್ರ ತಮ್ಮತಮ್ಮಲ್ಲಿ ಗುಸುಗುಸು ಶುರು ಮಾಡಿದ್ದರು. ತಿಮ್ಮಕ್ಕ ಕರೆದರೆ ಓಗೊಡುವುದಿಲ್ಲ. ತನ್ನಷ್ಟಕ್ಕೆ ತಾನೇ ತುಟಿ ಅಲ್ಲಾಡಿಸುತ್ತಾಳೆ. ಮುಖದಲ್ಲಿ ಎಂತದೋ ಕಳೆ.

ಐದನೆಯ ದಿನ ಮೂಕಿ ತನ್ನ ಕೆಲಸವನ್ನು ಕಣ್ಣಾರೆ ನೋಡಿ ಬರೆದುಕೊಳ್ಳಬೇಕೆಂದು ಪಟ್ಟಿ ಹಿಡಿದು ಹೊರಟಳು. ಅರ್ಧ ದಾರಿಯ ಮೈಲುಗಲ್ಲಿನ ಹತ್ತಿರ ಗೇರು ಗಿಡದ ಹಿಂದೆ ಕೂತಳು. (ಮುಂದೆ ಕೂತರೆ ಯಾರಾದರೂ ಮಾತಾಡಿಸುತ್ತಾರೆ.) ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ದಿನ ದೋಣಿ ತಡವಾಗಿತ್ತು. ದಂಡೆಯಲ್ಲಿ ಕಾದು ಬೇಸರವಾಗಿ ತಿಮ್ಮಕ್ಕ, ಸ್ವಲ್ಪ ಕೇಳುವ ಎಂದು ಆಗಲೇ ಗುಂಡಿ ಒತ್ತಿದ್ದಳು.

ಹದಿಮೂರು ಬುಟ್ಟಿಗಳ ಸಾಲು ತಿರುವಿನಲ್ಲಿ ಕಾಣಿಸಿತು. ಮುಂದೆ ತಿಮ್ಮಕ್ಕ, ಗಾಳಿ ಹಿಡಿದ ಹಾಯಿಯ ಹಾಗೆ. ಸರಿಯಾಗಿ ಮೈಲುಗಲ್ಲಿನ ಎದುರಿಗೆ ಬಂದವಳು ನಟ್ಟಹಾಗೆ ನಿಂತಳು. ಕಣ್ಣು ಮುಚ್ಚಿದಳು. ಕೈ ಜೋಡಿಸಿದಳು. ಬುಟ್ಟಿ ಅಲ್ಲಾಡದ ಹಾಗೆ ರಸ್ತೆಯ ನಡುವೆ ನಿಂತಲ್ಲೇ ಮೂರು ಸುತ್ತು ಪ್ರದಕ್ಷಿಣೆ ಬಂದಳು. ಮಂಗಳಾರತಿ ಕಿವಿಗೆ ಬಿದ್ದಾಗ ಕಾಲು ಮುಂದೆ ಇಡುವ ಹೆಂಗಸು ಕರ್ಕಿಯಲ್ಲಿ ಹುಟ್ಟಿಲ್ಲ.

ಹಿಂದಿದ್ದ ಗಣಪಿ ಅವಳಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಬೈಯಲು ಬಾಯಿ ತೆರೆದವಳು ತಿಮ್ಮಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಬುಟ್ಟಿ ಇಳಿಸಿ, ಸೆರಗು ಹೊದ್ದು, ಮೆಲ್ಲನೆ ಹತ್ತಿರ ಬಂದಳು.

"ಮೈಮೇಲೆ ಬಂದದ್ದು ಯಾರು? ಹೆಸರು ಹೇಳ್ಬೇಕು," ಎಂದಳು ನಡುಗುವ ಸ್ವರದಲ್ಲಿ.

"ಮಂಗಳಂ," ಎಂದಳು ತಿಮ್ಮಕ್ಕ ಕಣ್ಣು ತೆರೆಯದೆ.

ಹನ್ನೆರಡು ಬುಟ್ಟಿಗಳೂ ಇಳಿದವು. ಹಣ್ಣುಕಾಯಿ ಇಲ್ಲ, ಕಾಣಿಕೆಗೆ ಮೀನನ್ನೇ ಇಡಬಹುದೇ ಎಂಬ ಪ್ರಶ್ನೆ ಎದ್ದಿತು. ಬಂದದ್ದು ಅಮ್ಮನವರಾದರೆ ಮೀನು ನಡೆಯುತ್ತದೆ, ತಿರುಪತಿಯವನಾದರೆ ಮೀನಿನ ಎದುರು ನಿಲ್ಲಿಸಿದ್ದೇ ಅಪಚಾರ. ಎರಡು ಪಕ್ಷಗಳಾದವು. ಒಂದು ಪಕ್ಷ ಬುಟ್ಟಿಗಳನ್ನು ಮುಂದೆ ತಳ್ಳಿತು, ಇನ್ನೊಂದು ಹಿಂದೆ ಎಳೆಯಿತು. ಕುಮಟೆಯಿಂದ ಬಂದ ಬಸ್ಸು ನಿಂತಿತು. ದಾರಿ ಬಿಡಿ ಎಂದು ಗದರಲು ಇಳಿದ ಕಂಡಕ್ಟರ್ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಬಿಸಿಲೇರುತ್ತಿತ್ತು. ಬಂಗಡೆಗಳಿಗೆ ವೈರಾಗ್ಯ ಹತ್ತಿರವಾಗುತ್ತಿತ್ತು.

ಗೇರು ಗಿಡದ ಹಿಂದೆ ಮೂಕಿ ಬೆವರುತ್ತಿದ್ದಳು. ಇಡೀ ರಸ್ತೆಯಲ್ಲಿ ಸತ್ಯ ಗೊತ್ತಿದ್ದದ್ದು ಅವಳೊಬ್ಬಳಿಗೇ. ಎರಡು ಮಾತು ಹೇಳಿದರೆ ಸಾಕಿತ್ತು. ಶಾಲೆಯಲ್ಲಿ ನಿಂತ ಹಾಗೆಯೇ ಎದ್ದು ನಿಂತಳು. ಆಗ ತಾಯಿ ಭಾರವನ್ನು ಬಲಗಾಲಿನಿಂದ ಎಡಗಾಲಿಗೆ ಮೆಲ್ಲನೆ ದಾಟಿಸಿದ್ದು ಕಾಣಿಸಿತು. ಮೊಣಕಾಲು ಸೀರೆಯ ಮೇಲಿನಿಂದಲೇ ಗೊತ್ತಾಗುವಷ್ಟು ಊದಿತ್ತು.

"ಅದು ದೇವರಲ್ಲ, ಟೇಪು. ಅವ್ವಿ, ಬುಟ್ಟಿ ಇಳಿಸು."

ಸ್ವರ ರಸ್ತೆ ದಾಟಿ, ಗದ್ದೆ ದಾಟಿ, ತೆಂಗಿನ ತೋಪಿಗೆ ಬಡಿದು ಹಿಂದೆ ಬಂತು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಮುಚ್ಚಿದ ಕಿವಿಯ ತಿಮ್ಮಕ್ಕ ಕೂಡ ಕಣ್ಣು ತೆರೆದಳು. ಗಣಪಿ ಅವಳ ಸೆರಗು ಸರಿಸಿ, ಬಟ್ಟಲು ಕಿತ್ತು ತನ್ನ ಕಿವಿಗೆ ಹಿಡಿದಳು. ಸ್ವಲ್ಪ ಹೊತ್ತು ಕೇಳಿ, ಪೂರ್ತಿ ಮುಗಿಯುವವರೆಗೆ ಕೈಮುಗಿದೇ ನಿಂತಳು. ಆರತಿ ಆರತಿಯೇ.

ಅಂದು ಅವರು ಪೇಟೆ ಮುಟ್ಟುವಾಗ ಹೊಳೆಯಾಚೆಯ ಕಾಸರಕೋಡಿನ ಮೀನು ಮಾರುವ ಹೆಂಗಸರು ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದರು. ಹದಿಮೂರು ಜನರೂ ಬಿಸಿಲಿಗೆ. ಯಾರಿಗೂ ಸಿಟ್ಟು ಬರಲಿಲ್ಲ, ನಗುವುದೇ ಆಯಿತಂತೆ.

ಸಂಜೆ ಮೂಕಿ ತಾಯಿಯ ಕಾಲಿಗೆ ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದಳು. ನೋವು ಗೊತ್ತೇ ಆಗ್ಲಿಲ್ಲ ಎನ್ನುತ್ತಿದ್ದೆಯಲ್ಲ ಎಂದು ಕೇಳಲು ಬಾಯಿ ಬರಲಿಲ್ಲ. ತಿಮ್ಮಕ್ಕನೇ ಹೇಳಿದಳು.

"ನೋವು ಹೋಗಿರ್ಲಿಲ್ಲ ಮಗಾ. ಹಾಡಿನ ಗಲಾಟೆಲಿ ಕೇಳ್ಸಿರ್ಲಿಲ್ಲ, ಅಷ್ಟೆ. ಹಿಂದೆ ಇರೋರ ಕಾಲೂ ಕೇಳ್ಸಲಿಲ್ಲ. ಗಣಪಿಗೆ ಮೊಮ್ಮಗಳು ಹುಟ್ಟಿ ಮೂರು ದಿನ ಆತು, ನಂಗೆ ಇವತ್ತು ಗೊತ್ತಾತು."

ಮೂಕಿ ಗಂಟನ್ನು ಒತ್ತುತ್ತಲೇ ಇದ್ದಳು. ತಾನು ಅಷ್ಟು ಜತನದಿಂದ ಅಳೆದದ್ದೆಲ್ಲ ತಾಯಿಯ ಹೆಜ್ಜೆ, ಹಾಡಿನ ನಿಮಿಷ. ಮೊಣಕಾಲನ್ನು ಒಂದು ದಿನವೂ ಅಳೆದಿರಲಿಲ್ಲ. ತನ್ನ ಒಂದು ಕೂಗು ಉಳಿಸಿಕೊಳ್ಳಲು ಅವ್ವಿಯನ್ನು ಐದು ದಿನ ಓಡಿಸಿದ್ದಳು.

ನಾಳೆಯಿಂದ ಬುಟ್ಟಿ ನಾನು ಹೊರ್ತೆ ಎಂದು ಅವಳು ಮೆಲ್ಲಗೆ ಹೇಳುವುದಕ್ಕೂ ಗಣಪಿ ಅಂಗಳಕ್ಕೆ ಕಾಲಿಡುವುದಕ್ಕೂ ಸರಿಹೋಯಿತು. ಹನ್ನೆರಡು ಜನರ ಪರವಾಗಿ ಬಂದಿದ್ದಳು. ತಿಮ್ಮಕ್ಕ ಐದು ದಿನ ಅಷ್ಟು ಚಂದ ಓಡಿದ್ದು ಹೇಗೆಂದು ಈಗ ಎಲ್ಲರಿಗೂ ಗೊತ್ತು. ಆ ಭಜನೆ ಎಲ್ಲರಿಗೂ ಬೇಕು.

"ಈ ಡಬ್ಬಿಗೆ ಇರೂದು ಎರಡೇ ಕಿವಿ," ಎಂದಳು ಗಣಪಿ ಮೂಕಿಯ ಕಡೆ ತಿರುಗಿ. "ನಿಂಗೆ ಪೂರಾ ಬಾಯಿಪಾಠ, ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಎಲ್ಲ ಗೊತ್ತು. ಮತ್ತೆ ಆ ಸ್ವರ ಎಂತದು ಮಾರಾಯ್ತಿ, ಬಸ್ಸಿನ ಹಾರ್ನಿಗೇ ಮೇಲಾತು. ಇಷ್ಟು ವರ್ಷ ಎಲ್ಲಿ ಅಡಗ್ಸಿ ಇಟ್ಟಿದ್ದೆ? ನೀ ಮುಂದೆ ಹಾಡ್ತಾ ಓಡು, ನಾವು ಹಿಂದೆ ಹೇಳ್ತೇವೆ."

ಬಾಗಿಲಲ್ಲಿ ಬಲೆ ಹೆಣೆಯುತ್ತಿದ್ದ ಶನಿಯಾರ ಇಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿ, ಇದು ನಾಯಿಗಿಂತ ಒಳ್ಳೆಯದು ಎಂದ. ಮೂಕಿ ತಾಯಿಯ ಕಡೆ ನೋಡಿದಳು. ತಿಮ್ಮಕ್ಕ ಸಂಚಿಯಿಂದ ವಾಕ್‌ಮನ್ ತೆಗೆದು ತನ್ನ ಪಕ್ಕದಲ್ಲಿಟ್ಟುಕೊಂಡು, ಇನ್ನು ಮನೆಯಲ್ಲಿ ಕೂರುವವಳು ನಾನು, ಆ ಯಕ್ಷಗಾನದ ಕ್ಯಾಸೆಟ್ ಎಲ್ಲಿದೆ ಎಂದು ಕೇಳಿದಳು.

ಇನ್ನು 'ಅವಳು' ಎಂದು ಬರೆದರೆ ಸುಳ್ಳಾಗುತ್ತದೆ. ಸಿಂಬೆ ಸುತ್ತಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ದೋಣಿ ಮುಟ್ಟಿದ ಮೇಲೆ ನಾನು ಬುಟ್ಟಿ ಹೊತ್ತು, ಹದಿಮೂರು ಜನರಲ್ಲಿ ಎಲ್ಲರಿಗಿಂತ ಮುಂದೆ, ಹಾಡುತ್ತಾ ಹೊನ್ನಾವರಕ್ಕೆ ಓಡುತ್ತೇನೆ. ಮಂಗಳಾರತಿಯನ್ನು ಬುಟ್ಟಿ ಇಳಿಸಿದ ಮೇಲೆ ಹಾಡುತ್ತೇನೆ.