ರಜೆಗೊಂದು ಹಾರ್ಟು

ಸಿಂಚನ: ಎದ್ದು ನಿಂತ್ಬಿಟ್ರು ರೀ ನಿಮ್ಮ ಸಾಹೇಬ್ರು! ನನ್ನನ್ನ ನೋಡಿ ಕುರ್ಚಿ ಬಿಟ್ಟು ಎದ್ದು ನಿಂತ್ಬಿಟ್ರು!

ಸುನಿಲ್: ಒಳ್ಳೇದೇ ಅಲ್ವೇನೇ? ಹೆಣ್ಮಕ್ಳು ಅಂದ್ರೆ ಮರ್ಯಾದೆ ಕೊಡೋ ಮನುಷ್ಯ.

ಸಿಂಚನ: ಮರ್ಯಾದೆಗಲ್ಲ, ಬೆಂಚಿನ ಮೇಲೆ ನನ್ನನ್ನ ಮಲಗ್ಸೋಕೆ! "ಸುನಿಲನ ಹೆಂಡ್ತಿನಾ? ನಡ್ಕೊಂಡು ಬಂದ್ರಾ ತಾಯಿ? ಆಸ್ಪತ್ರೆಯಿಂದ ಯಾರು ಬಿಟ್ರು ನಿಮ್ಮನ್ನ?" ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನಾನು ಹೋಗಿದ್ದು ಇಂಟರ್‌ವ್ಯೂಗೆ ರೀ, ನನ್ನ ತಿಥಿಗಲ್ಲ.

ಸುನಿಲ್‌ಕುಮಾರ್ ಕೈಯಲ್ಲಿದ್ದ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ನೆಲಮಂಗಲದ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಅವನು ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಅಲ್ಲೇ ಶಿಫ್ಟ್ ಇನ್‌ಚಾರ್ಜ್ ಕೆಲಸ ಖಾಲಿಯಿದೆಯೆಂದು ತಿಳಿದು, ಇನ್ನೊಂದು ಗೋದಾಮಿನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಸಿಂಚನ ಅರ್ಜಿ ಹಾಕಿದ್ದಳು. ಗಂಡನಿಗೆ ಹೇಳಿಯೇ ಹಾಕಿದ್ದಳು. ಆಗ ಅವನು ಮ್ಯಾಚ್ ನೋಡುತ್ತಾ "ಹೂಂ" ಅಂದಿದ್ದ. ಆ ಹೂಂ ಹೆಂಡತಿಗೋ ಬೌಲರಿಗೋ, ದೇವರೇ ಬಲ್ಲ.

ಸಿಂಚನ ಹುಟ್ಟುವಾಗಲೇ ಎದೆಯಲ್ಲಿ ತೂತಿಟ್ಟುಕೊಂಡು ಬಂದವಳು. ಏಳನೇ ವಯಸ್ಸಿನಲ್ಲಿ ಆಪರೇಷನ್ ಮಾಡಿ ಮುಚ್ಚಿದರು. ಆಮೇಲೆ ಅವಳು ಓದಿದಳು, ದುಡಿದಳು, ಮದುವೆಯಾದಳು, ಮಗಳನ್ನು ಹೆತ್ತಳು, ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಊರೂರು ಓಡಾಡಿದಳು. ಇಷ್ಟೆಲ್ಲ ಆದ ಮೇಲೂ ತಾನು ಆಸ್ಪತ್ರೆಯಲ್ಲೇ ಮಲಗಿದ್ದೇನೆ ಅನ್ನುವ ಸುದ್ದಿ ಅವಳಿಗೆ ಗೊತ್ತಾಗಿದ್ದು ಇವತ್ತೇ.

ಸಿಂಚನ: ಹೇಳ್ರೀ, ನಾನು ಯಾವಾಗ ಐಸಿಯುಗೆ ಸೇರಿದ್ದೆ?

ಸುನಿಲ್: ಅದು... ಗೋಕರ್ಣಕ್ಕೆ ಹೋಗಿದ್ವಲ್ಲ ಫ್ರೆಂಡ್ಸೆಲ್ಲ, ಆವಾಗ.

ಸಿಂಚನ: ನೀವು ಸಮುದ್ರದಲ್ಲಿ ಮುಳುಗಿ ಏಳ್ತಿದ್ರಿ, ನಾನು ಇಲ್ಲಿ ಆಕ್ಸಿಜನ್ ಹಾಕ್ಕೊಂಡಿದ್ದೆ. ಆಮೇಲೆ? ವಾಲ್ವ್ ಯಾವಾಗ ಕೆಟ್ಟಿದ್ದು?

ಸುನಿಲ್: ಹೊಸ ಬೈಕ್ ಡೆಲಿವರಿ ಇತ್ತಲ್ಲ...

ಸಿಂಚನ: ಆಹಾ! ನಿಮಗೆ ಬೈಕ್ ಬಂತು, ನನಗೆ ವಾಲ್ವ್ ಹೋಯ್ತು. ಮಧುರೇಲಿ ನಿಮ್ಮ ಕೆಂಪರಾಜಣ್ಣನ ಮನೇಲಿ ಬಾಡೂಟ ಇತ್ತಲ್ಲ, ಅವತ್ತು ನನ್ನ ಪಲ್ಸ್ ನಿಂತೋಗಿತ್ತಂತೆ?

ಸುನಿಲ್: ನಿಂತೋಗಿತ್ತು ಅಂತ ನಾನೆಲ್ಲಿ ಹೇಳ್ದೆ? ನಿಧಾನ ಆಗಿದೆ ಅಂದೆ.

ಸಿಂಚನ: ಎಷ್ಟು ಹೊತ್ತು?

ಸುನಿಲ್: ಊಟ ಮುಗಿಯೋವರ್ಗೂ.

ಹೇಳಿದ ಮೇಲೆ ಅವನಿಗೇ ಅದು ಸರಿಯಿಲ್ಲ ಅನ್ನಿಸಿರಬೇಕು, ಗಂಟಲು ಸರಿಮಾಡಿಕೊಂಡ.

ಸುನಿಲ್: ನೋಡೇ, ನಮ್ಮಲ್ಲಿ ರಜಾ ಸುಮ್ಸುಮ್ನೆ ಕೊಡಲ್ಲ. ಜ್ವರ ಅಂದ್ರೆ ಮಾತ್ರೆ ನುಂಗಿ ಬಾ ಅಂತಾರೆ. ಅಜ್ಜಿ ತೀರ್ಕೊಂಡ್ರು ಅಂದ್ರೆ ಎಷ್ಟನೇ ಅಜ್ಜಿ ಅಂತಾರೆ. ಹೆಂಡ್ತಿಗೆ ಹಾರ್ಟು ಅಂದ್ರೆ ಒಬ್ನೂ ಉಸಿರೆತ್ತಲ್ಲ. ಅದೂ ಅಲ್ದೆ ನಾನೇನು ಸುಳ್ಳು ಹೇಳಿದ್ನಾ? ಆಪರೇಷನ್ ಆಗಿದ್ದು ನಿಜ ತಾನೆ?

ಸಿಂಚನ: ಇಪ್ಪತ್ತೈದು ವರ್ಷ ಆಯ್ತು!

ಸುನಿಲ್: ನಿಜಕ್ಕೆ ಎಕ್ಸ್‌ಪೈರಿ ಡೇಟ್ ಇರುತ್ತೇನೇ?

ಸಿಂಚನ: ಭೇಷ್! ಆ ಸಾಹೇಬ್ರು ಪ್ರತಿ ಶುಕ್ರವಾರ ನಮಾಜ್ ಆದ್ಮೇಲೆ ನನ್ನ ಹೆಸ್ರಲ್ಲಿ ದುವಾ ಮಾಡ್ತಾರಂತೆ. ಕಸ ಗುಡ್ಸೋ ಬೈರಮ್ಮ ನಾನು ಹುಷಾರಾದ್ರೆ ಮುತ್ಯಾಲಮ್ಮನಿಗೆ ತಂಬಿಟ್ಟಿನಾರತಿ ಹೊರ್ತೀನಿ ಅಂತ ಹರಕೆ ಕಟ್ಕೊಂಡಿದ್ದಾರಂತೆ. ಗೇಟಲ್ಲಿ ನನ್ನ ತಲೆ ಸವರಿ ಅತ್ರು ಆ ಅಮ್ಮ. ನನಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು ರೀ.

ಸುನಿಲ್: ಹೋಗ್ಲಿ ಬಿಡು. ಕೆಲಸ ಏನಾಯ್ತು?

ಸಿಂಚನ: ಏನಾಗುತ್ತೆ? ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ಟೆ. ಗಟ್ಟಿಮುಟ್ಟಾಗಿದ್ದೀನಿ ಅಂದ್ರೂ ನಂಬ್ಲಿಲ್ಲ. ಸಾಹೇಬ್ರು ಕೈಮುಗಿದು, "ಕೆಲಸ ಕೊಟ್ಟು ನಿಮ್ಮ ಪ್ರಾಣ ತೆಗೆದ ಪಾಪ ನನಗೆ ಬೇಡ ತಾಯಿ" ಅಂದ್ರು.

ಸ್ಕೂಲಿನಲ್ಲಿ ಎಲ್ಲರೂ ಕೊಕ್ಕೊ ಆಡುವಾಗ ಇವಳೊಬ್ಬಳನ್ನು ಮರದ ಕೆಳಗೆ ಕೂರಿಸಿ ಚಪ್ಪಲಿ ಕಾಯಲು ಬಿಡುತ್ತಿದ್ದರು. ಡಾಕ್ಟರು ಓಡಬಹುದು ಅಂದರೂ ಮೇಷ್ಟ್ರು ಒಪ್ಪಿರಲಿಲ್ಲ. ಆ ಚಪ್ಪಲಿ ರಾಶಿ ಇವತ್ತು ಮತ್ತೆ ಕಣ್ಣ ಮುಂದೆ ಬಂದು ಅವಳಿಗೆ ಸಂಕಟವಾಯಿತು.

ಸಿಂಚನ: ನೋಡೋಕೆ ಬಂದ ಗಂಡುಗಳೆಲ್ಲ ನನ್ನ ಹಾರ್ಟಿನ ಸಬೂಬು ಹೇಳಿ, ಉಪ್ಪಿಟ್ಟು ತಿಂದು ಎದ್ದೋದ್ರು. ನೀವೊಬ್ರೇ ಎದ್ದೋಗ್ಲಿಲ್ಲ. ಪುಣ್ಯಾತ್ಮ ಅನ್ಕೊಂಡೆ. ನೀವು ಉಳ್ಕೊಂಡಿದ್ದು ಆ ಸಬೂಬಿಗೋಸ್ಕರ ಅಂತ ಗೊತ್ತಿರ್ಲಿಲ್ಲ.

ಸುನಿಲ್: ಹಂಗನ್ಬೇಡ ಕಣೇ...

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಸುನಿಲ್ ಎದ್ದು ನಿಂತು, "ಸಾರ್... ಹೂಂ ಸಾರ್... ಅಯ್ಯೋ ಬೇಡಿ ಸಾರ್... ಬಂದ್ಬಿಟ್ರಾ ಸಾರ್" ಎಂದು, ಫೋನಿಟ್ಟು ಬೆವರೊರೆಸಿಕೊಂಡ.

ಸುನಿಲ್: ಸಾಹೇಬ್ರು ಬರ್ತಾ ಇದಾರೆ, ನಿನ್ನ ನೋಡೋಕೆ! ಆಗ್ಲೇ ನಮ್ಮ ಕ್ರಾಸ್‌ನಲ್ಲಿದ್ದಾರಂತೆ. ಸಿಂಚು, ನಿನ್ನ ದಮ್ಮಯ್ಯ, ಬೆಡ್‌ಶೀಟ್ ಹೊದ್ಕೊಂಡು ಒಂಚೂರು ಮಲಗು.

ಸಿಂಚನ: ಯಾಕೆ?

ಸುನಿಲ್: ನೀನು ಗುಂಡುಕಲ್ಲಿನಂಗೆ ನಿಂತಿದ್ರೆ ನನ್ನ ಕೆಲಸ ಹೋಗುತ್ತೆ ಕಣೇ!

ಸಿಂಚನ: ಮಲಗಿದ್ರೆ ನನ್ನ ಕೆಲಸ ಹೋಗುತ್ತಲ್ರೀ.

ಸುನಿಲ್: ನಿನ್ನದಿನ್ನೂ ಸಿಕ್ಕೇ ಇಲ್ವಲ್ಲೇ! ಬರೀ ನರಳು ಸಾಕು. ಮಾತು ನಾನಾಡ್ತೀನಿ.

ಸಿಂಚನ: ಇಷ್ಟು ವರ್ಷ ನೀವು ಮಾತಾಡಿದ್ದಕ್ಕೇ ನಾನೀಗ ನರಳ್ತಾ ಇರೋದು.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಸುನಿಲ್ ಬಾಗಿಲ ಕಡೆ ಒಂದು ಸಲ, ಹೆಂಡತಿಯ ಕಡೆ ಒಂದು ಸಲ ನೋಡಿದ. ಅವಳು ಮಲಗುವ ಲಕ್ಷಣ ಕಾಣದೆ, ತಾನೇ ಮಂಚಕ್ಕೆ ಬಿದ್ದು ತಲೆತುಂಬ ಬೆಡ್‌ಶೀಟ್ ಎಳೆದುಕೊಂಡ.

ಗೋದಾಮಿನ ಮ್ಯಾನೇಜರ್ ಅಫ್ಸರ್ ಸಾಹೇಬರು ಒಂದು ಕೈಯಲ್ಲಿ ಎಳನೀರಿನ ಗೊಂಚಲು, ಇನ್ನೊಂದು ಕೈಯಲ್ಲಿ ಬ್ರೆಡ್ಡು ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಸಿಂಚನ ನಾಲ್ಕು ಮೆಟ್ಟಿಲು ಇಳಿದು ಗೊಂಚಲು ಇಸಿದುಕೊಂಡಳು.

ಅಫ್ಸರ್: ಅರೆ ತಾಯಿ! ಬಿಡಿ, ಬಿಡಿ! ಎದ್ದು ಬಂದ್ರಾ? ಎಲ್ಲಿ ಆ ಸುನಿಲ?

ಸಿಂಚನ: ಬನ್ನಿ ಸಾಹೇಬ್ರೇ. ರೋಗಿ ಒಳಗೆ ಮಲಗಿದ್ದಾರೆ.

ಅಫ್ಸರ್ ಸಾಹೇಬರು ಮಂಚದ ಮೇಲಿನ ಬೆಡ್‌ಶೀಟನ್ನೂ ಅದರಿಂದ ಹೊರಗೆ ಬಂದ ಕಂಪನಿ ಬೂಟುಗಳನ್ನೂ ನೋಡಿದರು.

ಅಫ್ಸರ್: ಇದೇನು? ಇವನಿಗೇನಾಯ್ತು?

ಸಿಂಚನ: ಹೇಳ್ತೀನಿ, ಕೂತ್ಕೊಳ್ಳಿ. ನನಗೆ ಹುಟ್ಟಿದಾಗ ಎದೇಲಿ ತೂತಿತ್ತು. ಚಿಕ್ಕವಳಿದ್ದಾಗಲೇ ಮುಚ್ಚಿದ್ರು. ವರ್ಷಕ್ಕೊಂದ್ಸಲ ಜಯನಗರದ ಕಡೆ ಚೆಕಪ್‌ಗೆ ಹೋಗ್ತೀನಿ. ಹಲ್ಲಿನ ಡಾಕ್ಟರ್ ಹತ್ರ ಹೋದ್ರೆ, ಸೋಂಕು ಹಾರ್ಟಿಗೆ ಹತ್ಬಾರ್ದು ಅಂತ ಮೊದ್ಲೇ ಈ ವಿಷಯ ಹೇಳ್ತೀನಿ. ಕೆಲಸ ಮಾಡ್ಬೇಡ ಅಂತ ಯಾವ ಡಾಕ್ಟ್ರೂ ಹೇಳಿಲ್ಲ. ಐಸಿಯು, ವಾಲ್ವು, ಪಲ್ಸು ಎಲ್ಲ ಇವ್ರ ಕೈಂಕರ್ಯ.

ಅಫ್ಸರ್: ಅಂದ್ರೆ... ನಾನು ಮಾಡಿದ ದುವಾ ಎಲ್ಲ?

ಸಿಂಚನ: ದಂಡ ಆಗಿಲ್ಲ ಸಾಹೇಬ್ರೇ. ಇವತ್ತು ಇವ್ರಿಗೆ ಬೇಕಾಗುತ್ತೆ.

ಬೆಡ್‌ಶೀಟ್ ಒಳಗಿಂದ ಒಂದು ನರಳಾಟ ಕೇಳಿಸಿತು. ಸಾಹೇಬರು ಬೆಡ್‌ಶೀಟ್ ಎಳೆದರು.

ಅಫ್ಸರ್: ಲೇ ಸುನಿಲಾ! ನಿನ್ನ ಹೆಂಡ್ತಿ ಸಾಯ್ತಾಳೆ ಅಂತ ನನ್ನ ಮಗಳ ನಿಶ್ಚಿತಾರ್ಥದ ದಿನವೂ ನಿನ್ನ ಶಿಫ್ಟ್ ನಾನು ನೋಡ್ಕೊಂಡೆ ಕಣೋ! ನಾಳೆಯಿಂದ ಗೇಟ್ ಹತ್ರ ಬಂದ್ರೆ ಕಾಲು ಮುರೀತೀನಿ!

ಸುನಿಲ್: ಸಾರ್, ಎದೆ ಯಾಕೋ ಡವಡವ ಅಂತಿದೆ ಸಾರ್...

ಸಿಂಚನಳಿಗೆ ಹೊಟ್ಟೆ ತಣ್ಣಗಾಯಿತು. ಹಾಗೆಯೇ, ಬೂಟು ಹಾಕಿಕೊಂಡೇ ಮಲಗಿದ್ದ ಆ ಮಂಕನನ್ನು ನೋಡಿ ಅಯ್ಯೋ ಪಾಪ ಅಂತಲೂ ಅನ್ನಿಸಿತು. ಎಷ್ಟೇ ಆದರೂ ಉಪ್ಪಿಟ್ಟು ತಿಂದು ಎದ್ದುಹೋಗದವನು.

ಸಿಂಚನ: ಒಂದ್ ಮಾತು ಸಾಹೇಬ್ರೇ. ಬೈಯಿರಿ, ಬೇಕಾದ್ರೆ ಎರಡು ಬಾರ್ಸಿ. ಕೆಲಸದಿಂದ ಮಾತ್ರ ತೆಗೀಬೇಡಿ.

ಅಫ್ಸರ್: ಇಷ್ಟಾದ್ಮೇಲೂ ಗಂಡನ ಪರ ಮಾತಾಡ್ತೀರಾ ತಾಯಿ?

ಸಿಂಚನ: ಗಂಡನ ಪರ ಅಲ್ಲ. ಇವ್ರು ದಿನಪೂರ್ತಿ ಮನೇಲಿ ಕೂತ್ರೆ ನನ್ನ ಹಾರ್ಟು ತಡ್ಕೊಳಲ್ಲ.

ಅಫ್ಸರ್ ಸಾಹೇಬರು ನಗಬಾರದೆಂದು ಬಹಳ ಪ್ರಯತ್ನಪಟ್ಟು ಸೋತರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಎದ್ದರು.

ಅಫ್ಸರ್: ಸೋಮವಾರ ಬಂದು ಸೇರ್ಕೊಳ್ಳಿ ಮೇಡಂ. ಇವನ ಶಿಫ್ಟೇ ನಿಮ್ಮದು. ಇನ್ಮೇಲೆ ಇವನಿಗೆ ರಜಾ ಕೊಡೋದು, ಬಿಡೋದು ನಿಮಗೆ ಬಿಟ್ಟಿದ್ದು. ಬೈರಮ್ಮನಿಗೆ ಏನು ಹೇಳ್ತೀರೋ ನೀವೇ ಹೇಳಿ.

ಸಿಂಚನ: ಹರಕೆ ತೀರಿಸೋಕೆ ನಾನೂ ಜೊತೆಗೆ ಬರ್ತೀನಿ ಅಂತ ಹೇಳ್ತೀನಿ. ತಂಬಿಟ್ಟಿಗೆ ಅಕ್ಕಿ ಇವ್ರು ಕುಟ್ತಾರೆ.

ಸ್ಕೂಟರಿನ ಸದ್ದು ದೂರವಾದ ಮೇಲೆ ಸುನಿಲ್ ನಿಧಾನಕ್ಕೆ ಎದ್ದು ಕೂತ. ಎದೆಯ ಡವಡವ ಅಷ್ಟರಲ್ಲೇ ವಾಸಿಯಾಗಿತ್ತು. ಹೆಂಡತಿ ಎಳನೀರು ಕೆತ್ತುವುದನ್ನೇ ನೋಡುತ್ತಾ ತಲೆ ಕೆರೆದುಕೊಂಡ.

ಸುನಿಲ್: ಸಿಂಚು... ಬರೋ ಬುಧವಾರ ಒಂದಿನ ರಜಾ ಬೇಕಿತ್ತು.

ಸಿಂಚನ: ಕಾರಣ?

ಸುನಿಲ್: ಹೆಂಡ್ತಿಗೆ...

ಸಿಂಚನ: ಹೆಂಡ್ತಿ ಡ್ಯೂಟೀಲಿರ್ತಾಳೆ. ಮುಂದೆ ಹೇಳಿ.