ಹಳೇ ಮೋಟಾರಿಗೆ ಮಾಫಿ

ಸಿಂಧನೂರಿನ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ದೊಡ್ಡ ದೇಶಗಳ ಇಬ್ಬಗೆ ನೀತಿಯನ್ನು ಕ್ಲಾಸಿನಲ್ಲಿ ಚೆನ್ನಾಗಿ ಬೈದು ತುರ್ವಿಹಾಳದ ಮನೆಗೆ ಬಂದರೆ, ಅದು ನನಗಿಂತ ಮೊದಲೇ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತದೆ.

ಐವರು

“ಮೊದಲೇ ಅಣುಬಾಂಬ್ ಮಾಡಿಕೊಂಡ ಐದು ದೇಶಗಳು ಇಟ್ಕೋಬಹುದು. ಒಪ್ಪಂದಕ್ಕೆ ಸಹಿ ಹಾಕಿದ ಉಳಿದವರು ಮಾಡಬಾರದು. ಐವರೂ ಮುಂದೆ ತಮ್ಮವನ್ನು ಬಿಡಬೇಕು ಅಂತೈತಿ,” ಎಂದೆ.

“ಯಾವಾಗ್ರೀ ಮೇಡಂ?”

“ತಾರೀಖು ಹಾಕಿಲ್ಲ.”

ಮುಂದಿನ ಬೆಂಚಿನ ಹುಡುಗಿ ಕಿಸಕ್ಕನೆ ನಕ್ಕಳು. ಅವರ ಹೊಲ ನಮ್ಮ ಕಾಲುವೆಯ ಕೊನೆಗಿದೆ. “ಇದು ನಿಮ್ಮ ಮಾವಾರು ಮಾಡಿದ ಕಾನೂನಲ್ರೀ?”

ಇಡೀ ಕ್ಲಾಸಿಗೆ ಒಪ್ಪಂದ ತಿಳಿಯಿತು. ಅಷ್ಟು ಬೇಗ ನನ್ನ ಪಾಠ ಯಾರಿಗೂ ತಿಳಿದಿದ್ದಿಲ್ಲ.

ಶಾಂತಿಗಾಗಿ

ಕಾಲುವೆಗೆ ಮೋಟಾರ್ ಹಚ್ಚಿ ನೀರೆತ್ತಿದರೆ ಕೆಳಗಿನವರಿಗೆ ಹನಿಯೂ ಹೋಗದು. ಅದಕ್ಕೇ ರೈತರ ಸಭೆಯಲ್ಲಿ ನಮ್ಮ ಮಾವನವರು ಠರಾವು ಮಾಡಿಸಿದ್ದರು: ಮೊದಲಿದ್ದ ಮೋಟಾರ್ ಇರಲಿ, ಹೊಸದು ಯಾರೂ ಹಚ್ಚಬಾರದು. ಮೊದಲೇ ಇದ್ದವು ನಮ್ಮವು, ನಮ್ಮ ಬೀಗರವು.

ಊಟಕ್ಕೆ ಕೂತಾಗ ಮಾವ ಎಂದರು, “ನಿನ್ನ ಕ್ಲಾಸಿನ ಆ ಹುಡುಗಿ ಅಪ್ಪ ಮೋಟಾರ್ ಹಚ್ಯಾನಂತ. ಭಾಳ ಡೇಂಜರ್ ಮನಷ್ಯಾ.”

“ಮಾವಾರೀ, ಅವರ ನೆಲ್ಲು ತೆನಿಗೆ ಬಂದು ಒಣಗಾಕತ್ತೈತಂತ್ರೀ. ನಮ್ಮವೂ ಎರಡು ಅದಾವಲ್ರೀ?”

“ನಮ್ಮವು ಶಾಂತಿಗಾಗಿ ಅದಾವವಾ. ಅವನ್ನ ನೋಡಿದ್ರ ಯಾರೂ ಜಗಳಕ್ಕ ಬರಂಗಿಲ್ಲ.”

ತಟ್ಟೆಯಲ್ಲಿದ್ದ ಅನ್ನ ನಮ್ಮದೇ ಹೊಲದ್ದು. ಇನ್ನೊಂದು ಸೌಟು ಹಾಕಿಕೊಂಡೆ, ನಾಚುತ್ತಲೇ.

ತಪಾಸಣೆ

ರೈತರ ಸಭೆಯ ಕಮಿಟಿಯವರು ಬೈಕ್ ಏರಿ ತಪಾಸಣೆಗೆ ಹೊರಟರು. ನಮ್ಮ ಮೋಟಾರುಗಳನ್ನು ದಾಟಿ, ಬೀಗರ ಮೋಟಾರಿನ ನೀರಲ್ಲಿ ಮುಖ ತೊಳೆದು, ಹುಡುಗಿಯ ಅಪ್ಪನ ಮೋಟಾರನ್ನು ಸ್ಟಾರ್ಟರ್ ಸಮೇತ ಜಪ್ತಿ ಮಾಡಿ ತಂದರು. ಜವಾಬ್ದಾರಿ ಜನರ ಕೈಯಲ್ಲಿರಲಿ ಎಂದು ನಮ್ಮ ಅಂಗಳದಲ್ಲೇ ಇಟ್ಟರು.

ಆ ವಾರವೇ ನಮ್ಮ ಮೋಟಾರೊಂದು ಸುಟ್ಟು ರಿಪೇರಿಗೆಂದು ಮಸ್ಕಿಗೆ ಹೋಯಿತು. ಸಂಜೆ ನೋಡಿದರೆ ಜಪ್ತಿ ಮೋಟಾರ್ ನಮ್ಮ ಹೊಲಕ್ಕೆ ನೀರೆತ್ತುತ್ತಿದೆ!

“ಮಾವಾರೀ, ಅದು ಹೊಸದಲ್ರೀ?”

“ಹಳೇದರ ಜಾಗದಾಗ ಕುಂತೈತಿ. ಅಂದಮ್ಯಾಲ ಹಳೇದೇ.”

ಮುಂದೊಂದು ದಿನ ಕ್ಲಾಸಿನಲ್ಲಿ ಆ ಹುಡುಗಿ ಎದ್ದು ನಿಂತಳು. “ಮೇಡಂ, ಜಪ್ತಿ ಮಾಡಿದ ಬಾಂಬ್ ಯಾರ ಮನಿಯಾಗ ಇಡ್ತಾರ್ರೀ?”

ಕಣ್ಣೆತ್ತಲಾಗಲಿಲ್ಲ. “ಅದು ಸಿಲೆಬಸ್‌ನಾಗಿಲ್ಲ,” ಎಂದೆ.

“ಗೊತ್ರೀ. ನಮ್ಮ ನೆಲ್ಲಂತೂ ಹೋತು. ಆದ್ರ ಆ ಸ್ಟಾರ್ಟರ್ ಒಮ್ಮೊಮ್ಮೆ ಶಾಕ್ ಹೊಡಿತೈತ್ರೀ. ಚಪ್ಪಲಿ ಹಾಕ್ಕೊಂಡು ಮುಟ್ಟಾಕ ಹೇಳ್ರೀ ನಿಮ್ಮ ಮಾವಾರಿಗೆ.”

ನಾನಿನ್ನೂ ಹೇಳಿಲ್ಲ.