ದ್ವೀಪಕ್ಕೆ ಹೊರಟ ಕಥಾನಾಯಕ

ಒಂಬತ್ತನೇ ತರಗತಿಯವರೆಗೂ ಅಶ್ವಿತ್ ಒಂದು ನಂಬಿಕೆಯಲ್ಲಿ ಬದುಕಿದ್ದ. ಕಾದಂಬರಿಯ ಮೊದಲ ಪುಟದಲ್ಲಿ ‘ಪಾತ್ರವರ್ಗ’ ಎಂದು ಅಚ್ಚಾಗಿರುವ ಹೆಸರುಗಳೆಲ್ಲ ಆ ಪುಸ್ತಕವನ್ನು ತನಗಿಂತ ಮೊದಲು ಲೈಬ್ರರಿಯಿಂದ ಒಯ್ದವರವು! ಒಂದು ಹಳೆಯ ಫ್ರೆಂಚ್ ಸೇಡಿನ ಕಾದಂಬರಿಯ ಕನ್ನಡ ಸಂಗ್ರಹ ಕೈಗೆ ಬಂದಾಗ, ಬಾಯಲ್ಲಿ ತಿರುಗದ ಅಷ್ಟೂ ಹೆಸರು ಕಂಡು, ಕೊಡಿಯಾಲ್‌ಬೈಲಿಗೆ ಇಷ್ಟೊಂದು ಫ್ರೆಂಚರು ಬಂದುಹೋಗುತ್ತಾರಲ್ಲ ಎಂದು ಊರಿನ ಬಗ್ಗೆ ಹೆಮ್ಮೆಪಟ್ಟಿದ್ದ. (ಪುಸ್ತಕದ ನಡುವೆ ಚಟ್ನಿಯ ಕಲೆ ಮಾಡಿಟ್ಟವನು ಅವರಲ್ಲಿ ಯಾರೆಂದು ಬಹಳ ಯೋಚಿಸಿದ್ದ.)

ಈಗ ಅವನಿಗೆ ಮದುವೆಯಾಗಿದೆ, ಬೈಕಂಪಾಡಿಯ ಕಂಪನಿಯೊಂದರಲ್ಲಿ ಕೆಲಸವಿದೆ, ಆದರೆ ಬುದ್ಧಿಯ ವಿಷಯದಲ್ಲಿ ಹೇಳಿಕೊಳ್ಳುವಂಥ ಪ್ರಗತಿಯಾಗಿಲ್ಲ. ಕಂಪನಿ ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು, ಸಾಬೂನು ಕಳಿಸುತ್ತದೆ. ಕಳಿಸಿದ್ದು ಹೋಯಿತೇ ಎಂದು ನೋಡುವುದು ಅಶ್ವಿತ್‌ನ ಉದ್ಯೋಗ. ಬಸ್ಸಿನಲ್ಲಿ ಓದಲೆಂದು ಅದೇ ಕಾದಂಬರಿಯನ್ನು ಮತ್ತೆ ಕೊಂಡ. ಹೆಸರುಗಳು ಈಗಲೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೊಂದು ದಿವ್ಯೋಪಾಯ ಕಂಡುಹಿಡಿದ: ಪ್ರತಿಯೊಂದು ಪಾತ್ರಕ್ಕೂ ತನಗೆ ಗೊತ್ತಿರುವವರ ಮುಖ ಅಂಟಿಸುವುದು.

ಕಥಾನಾಯಕನ ಮುಖಕ್ಕಾಗಿ ಹುಡುಕಾಡಬೇಕಾಗಲಿಲ್ಲ, ಬೆಳಿಗ್ಗೆಯಷ್ಟೇ ಕನ್ನಡಿಯಲ್ಲಿ ನೋಡಿದ್ದ. ನಾಯಕಿ, ಹೆಂಡತಿ ಮನ್ವಿತಾ. ನಾಯಕನ ಕೆಲಸದ ಮೇಲೆ ಕಣ್ಣಿಟ್ಟ ಸಹೋದ್ಯೋಗಿ, ಪಕ್ಕದ ಮೇಜಿನ ಇರ್ವಿನ್. ಸ್ವಂತ ಅನುಕೂಲಕ್ಕಾಗಿ ನಿರಪರಾಧಿಯನ್ನು ದ್ವೀಪದ ಸೆರೆಮನೆಗೆ ಅಟ್ಟುವ ಅಧಿಕಾರಿ, ಮ್ಯಾನೇಜರ್ ಅಝರ್. ಸೆರೆಮನೆಯಲ್ಲಿ ವಿದ್ಯೆ ಕಲಿಸುವ ಮಹಾಜ್ಞಾನಿಗೆ ಮಾತ್ರ ಪರಿಚಿತರಲ್ಲಿ ಯಾರ ಮುಖವೂ ಹೊಂದದೆ ಜಾಗ ಖಾಲಿ ಉಳಿಯಿತು.

ಇನ್ನು ನಾಯಕನನ್ನು ಸಾಗಹಾಕಿ ನಾಯಕಿಯನ್ನು ಮದುವೆಯಾಗುವ ಅವಳ ಸಂಬಂಧಿಕ! ಅದು ಪೃಥ್ವಿರಾಜ್ ಅಲ್ಲದೆ ಇನ್ಯಾರು? ಮನ್ವಿತಾಳ ಸೋದರಮಾವನ ಮಗ, ಹೋಟೆಲಿನ ಧಣಿ. ಮಾವನ ಮಗನೆಂದರೆ ಕೇಳದೆಯೇ ಸಿಗುವ ವರ ಎಂಬ ಲೆಕ್ಕ ಆ ಮನೆಯಲ್ಲಿ ಇನ್ನೂ ಉಂಟು. ಮದುವೆಯ ದಿನ ಊಟದ ಸಾಲಿನಲ್ಲಿ ಅತ್ತೆ ರತ್ನಾವತಿಯೇ, “ಪೃಥ್ವಿಗೆ ಕೊಡುವ ಅಂತಿದ್ದೆವು, ಜಾತಕ ಕೂಡಿ ಬರ್ಲಿಲ್ಲ” ಎಂದು ಮದುಮಗನಿಗೆ ಕೇಳಿಸುವಂತೆ ಹೇಳಿದ್ದರು.

ಮುಖ ಅಂಟಿಸಿದ ಮರುವಾರವೇ ಅಝರ್ ಅವನನ್ನು ಒಳಗೆ ಕರೆದರು.

“ಅಶ್ವಿತ್, ಕವರತ್ತಿಯಲ್ಲಿ ಹೊಸ ಗೋಡೌನ್ ಶುರುವಾಗ್ತದೆ. ಆರು ತಿಂಗಳು ನೀವು ಹೋಗಿ ನೋಡ್ಕೊಳ್ಬೇಕು. ಸೋಮವಾರ ಹೇಳಿ.”

ಅಶ್ವಿತ್‌ನ ಕಿವಿಯಲ್ಲಿ ಉಳಿದದ್ದು ಒಂದೇ: ದ್ವೀಪ!

ಹೊರಗೆ ಬಂದರೆ ಇರ್ವಿನ್ ಹಲ್ಲು ಕಿರಿಯುತ್ತಿದ್ದ. “ಲಕ್ಕಿ ಮಾರಾಯ ನೀನು! ನನ್ನನ್ನು ಯಾರೂ ಕಳಿಸುದಿಲ್ಲ.” ಖಳನ ನಗೆ ಹೀಗೇ ಇರಬೇಕೆಂದು ಅಶ್ವಿತ್ ಗುರುತಿಸಿಕೊಂಡ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಭಾನುವಾರ ಪೃಥ್ವಿರಾಜ್ ಎಂದಿನಂತೆ ಒಂದು ಕಟ್ಟು ಕಾಣೆ ಮೀನು ಹಿಡಿದುಕೊಂಡು ಬಂದವನು, ಚಪ್ಪಲಿ ಕಳಚುವ ಮೊದಲೇ ಕೇಳಿದ: “ಎಂತ ಅಶ್ವಿತ್, ದ್ವೀಪಕ್ಕೆ ಯಾವಾಗ ಹೊರಡುದು?”

ಇವನಿಗೆ ಹೇಗೆ ಗೊತ್ತಾಯಿತು? ಅಶ್ವಿತ್‌ಗೆ ಮೀನು ರುಚಿಸಲಿಲ್ಲ. (ನಾಲ್ಕು ತುಂಡು ತಿಂದ, ಆದರೆ ರುಚಿಸಲಿಲ್ಲ.) ಪೃಥ್ವಿರಾಜ್ ಹೋದ ಮೇಲೆ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಗಸ್ತು ತಿರುಗತೊಡಗಿದ. ಫ್ಯಾನ್ ಹಾಕಿದ, ಆರಿಸಿದ, ಮತ್ತೆ ಹಾಕಿದ.

“ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ, ನೋಡಿ ನೋಡಿ ನನಗೆ ತಲೆ ತಿರುಗ್ತದೆ,” ಎಂದಳು ಮನ್ವಿತಾ.

“ಒಬ್ಬ ಮನುಷ್ಯ ದ್ವೀಪಕ್ಕೆ ಹೋದ ಅಂತ ಇಟ್ಕೊ. ಅವನ ಹೆಂಡತಿ ಕಾಯ್ತಾಳಾ?”

“ಕರೆಂಟ್ ಬಿಲ್ ಕಟ್ಟಿ ಹೋಗಿದ್ರೆ ಕಾಯ್ತಾಳೆ.”

“ನಾನು ಗಂಭೀರವಾಗಿ ಕೇಳ್ತಿದ್ದೇನೆ!”

“ನಾನೂ ಗಂಭೀರವಾಗಿಯೇ ಹೇಳಿದ್ದು. ಆ ಪುಸ್ತಕ ಹಿಡ್ಕೊಂಡ ಮೇಲೆ ನಿಮಗೆ ಎಂತದೋ ಆಗಿದೆ. ಮೊನ್ನೆ ಅಮ್ಮ ಫೋನ್ ಮಾಡಿದ್ರೆ ನೀವು ‘ನಿಮ್ಮ ಗುಪ್ತಚರರು ಎಲ್ಲ ತಿಳಿಸಿರ್ಬೇಕಲ್ಲ’ ಅಂತ ಹೇಳಿದ್ರಂತೆ. ಅಮ್ಮ ಈಗ ನಮ್ಮ ಕೆಳಗಿನ ಮನೆಯ ನೋಣಯ್ಯನವರನ್ನು ಸಂಶಯ ಮಾಡ್ತಿದ್ದಾರೆ.”

ಸೋಮವಾರ ಬಸ್ಸು ಸಿಗ್ನಲ್ಲಿನಲ್ಲಿ ನಿಂತಷ್ಟೂ ಹೊತ್ತು ಅಶ್ವಿತ್ ಭಾಷಣ ತಿದ್ದಿದ. ಕಚೇರಿ ತಲುಪಿದ್ದೇ ಅಝರರ ಕೋಣೆಗೆ ನುಗ್ಗಿದ.

“ಸರ್, ನಾನು ಹೋಗುದಿಲ್ಲ. ಇದರ ಹಿಂದೆ ಯಾರಿದ್ದಾರೆಂದು ನನಗೆ ಗೊತ್ತುಂಟು.”

“ಗೊತ್ತಾಯ್ತಾ?” ಅಝರ್ ನಕ್ಕರು. “ಸರ್‌ಪ್ರೈಸ್ ಅಂತ ಹೇಳಿದ್ರು. ನನ್ನ ಮಿಸೆಸ್ ಹಸ್ನಾ ಮತ್ತು ನಿಮ್ಮ ಮಿಸೆಸ್...”

“ನನ್ನ ಹೆಂಡತಿಯ ಹೆಸರು ಇದಕ್ಕೆ ಎಳೀಬೇಡಿ ಸರ್! ಅವಳು ನಿರಪರಾಧಿ!”

ಅಝರ್ ಕನ್ನಡಕ ತೆಗೆದು ಅವನನ್ನು ಒಮ್ಮೆ ಪೂರ್ತಿ ನೋಡಿದರು. “ಹೋಗುದಿಲ್ಲ ಅಂತಲೇ ಗಟ್ಟಿಯಾ?”

“ಕಲ್ಲಿನಷ್ಟು ಗಟ್ಟಿ.”

“ಇರ್ವಿನ್!” ಎಂದು ಅಝರ್ ಕೂಗಿದರು. “ಕವರತ್ತಿಗೆ...”

“ಹೋಗ್ತೇನೆ ಸರ್,” ಎಂದು ಇರ್ವಿನ್ ಬಾಗಿಲಿನಿಂದಲೇ ಹೇಳಿ, ಹೆಂಡತಿ ಮೆಲಿಸಾಗೆ ಫೋನ್ ಹಚ್ಚಿಯೂ ಆಯಿತು.

“ಅಲ್ಲಿಂದ ಹಿಂದೆ ಬಂದ ಕೂಡಲೇ ನೀನು ಅಸಿಸ್ಟೆಂಟ್ ಮ್ಯಾನೇಜರ್,” ಅಝರ್ ಮುಂದುವರಿಸಿದರು. ಅಶ್ವಿತ್‌ನ ಕಡೆ ತಿರುಗಿ, “ಅದನ್ನೇ ಹೇಳ್ಲಿಕ್ಕೆ ಹೊರಟದ್ದು ನಾನು. ನೀವು ಬಿಟ್ರೆ ತಾನೆ?” ಎಂದರು.

ಮೂರು ವರ್ಷದಿಂದ ಅಶ್ವಿತ್ ಕನಸಿನಲ್ಲೂ ಜಪಿಸುತ್ತಿದ್ದ ಹುದ್ದೆ! ಆದರೂ ಕಥಾನಾಯಕ ಸೋಲೊಪ್ಪುವಂತಿಲ್ಲ. ಇದೂ ಪಿತೂರಿಯ ಭಾಗವೇ. ಕೊಟ್ಟಂತೆ ಮಾಡಿ ಕಸಿದುಕೊಳ್ಳುವುದು. ಅರ್ಧ ದಿನದ ರಜೆ ಹಾಕಿ ಮನೆಗೆ ಧಾವಿಸಿದ.

ಬಾಗಿಲು ತೆರೆದೇ ಇತ್ತು. ಹಾಲಿನ ನಡುವೆ ದೊಡ್ಡ ಸೂಟ್‌ಕೇಸು. ಮುಚ್ಚಿಕೊಳ್ಳದ ಬಾಯಿಯಿಂದ ಇಣುಕುವ ಮನ್ವಿತಾಳ ಚೂಡಿದಾರಗಳು, ಹೊಸ ಚಪ್ಪಲಿ, ಎಲ್ಲದರ ಮೇಲೆ ಅಗಲ ಅಂಚಿನ ಹುಲ್ಲಿನ ಟೊಪ್ಪಿ. ಆ ಸೂಟ್‌ಕೇಸಿನ ಮುಚ್ಚಳದ ಮೇಲೆ ಮೊಣಕಾಲೂರಿ ಜಿಪ್ ಎಳೆಯಲು ಹೆಣಗುತ್ತಿದ್ದವನು ಬೆವರಿದ ಪೃಥ್ವಿರಾಜ್.

ಕಾದಂಬರಿಯ ಪ್ರತಿಯೊಂದು ಪುಟವೂ ಅಶ್ವಿತ್‌ನ ಕಣ್ಣ ಮುಂದೆ ಸರ್ರನೆ ಮಗುಚಿತು. ನಾಯಕ ಸಮುದ್ರ ದಾಟುವವರೆಗೂ ಕಾಯುವ ಸೌಜನ್ಯವೂ ಇವರಿಗಿಲ್ಲ!

“ನಾನು ದ್ವೀಪಕ್ಕೆ ಹೋಗುದಿಲ್ಲ ಅಂತ ಹೇಳಿ ಬಂದೆ!” ಎಂದು ಹೊಸ್ತಿಲಲ್ಲೇ ನಿಂತು ಗರ್ಜಿಸಿದ. “ಇರ್ವಿನ್ ಹೋಗ್ತಾನೆ. ನಿಮ್ಮ ಆಟ ಮುಗೀತು!”

ಪೃಥ್ವಿರಾಜ್ ಮೆಲ್ಲಗೆ ಮುಚ್ಚಳದಿಂದ ಇಳಿದ. “ನಾನು ಹೊರಡ್ತೇನೆ ಮನ್ವಿತಾ. ಹೋಟೆಲಿನಲ್ಲಿ ಊಟದ ಹೊತ್ತು,” ಎಂದವನು ಅಶ್ವಿತ್‌ನ ಭುಜವನ್ನೊಮ್ಮೆ, ಸಾವಿನ ಮನೆಯಲ್ಲಿ ತಟ್ಟುವಂತೆ ತಟ್ಟಿ, ಮೆಟ್ಟಿಲಿಳಿದ.

ಮನ್ವಿತಾ ಜಿಪ್ ಬಿಚ್ಚಿ ಒಂದೊಂದೇ ಚೂಡಿದಾರ ಹೊರಗೆ ತೆಗೆದಿಟ್ಟಳು. ಅವುಗಳ ಅಡಿಯಿಂದ ಅಶ್ವಿತ್‌ನ ಅಂಗಿಗಳು ಹೊರಬಂದವು. ಇಸ್ತ್ರಿ ಹಾಕಿದ್ದವು. ಅವನ ಶೇವಿಂಗ್ ಸೆಟ್ಟೂ ಬಂತು. ಅಶ್ವಿತ್‌ನ ಗರ್ಜನೆ ಅಲ್ಲಿಗೆ ಅರ್ಧವಾಯಿತು. ಆದರೆ ಬಾಯಿ ಆಗಲೇ ತೆರೆದಾಗಿತ್ತು, ಪ್ರಶ್ನೆ ಹೊರಬಿತ್ತು:

“ನಿಜ ಹೇಳು. ನನ್ನನ್ನು ದ್ವೀಪಕ್ಕೆ ಕಳಿಸ್ಲಿಕ್ಕೆ ಅಝರ್ ಸರ್ ಹತ್ತಿರ ಹೇಳಿಸಿದ್ದು ಯಾರು?”

ಮನ್ವಿತಾ ಹುಲ್ಲಿನ ಟೊಪ್ಪಿ ಎತ್ತಿ ಅವನ ಕೈಯಲ್ಲಿಟ್ಟಳು.

“ನಾನು. ನಮ್ಮಿಬ್ಬರಿಗೂ ಅಲ್ಲಿಗೆ ಹೋಗುವ ಪರ್ಮಿಟ್ ಮಾಡಿಸಿದ್ದೂ ನಾನೇ. ಈಗ ಇದನ್ನು ಮೆಲಿಸಾಗೆ ಕೊಟ್ಟು ಬನ್ನಿ.”